ಎರಡಕ್ಷರದ ಮರೆಯಲ್ಲಿ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನಲ್ಲಿ ತಂಬೂರ ಎಂಬುದೊಂದು ಗ್ರಾಮ. ಅದು ನನ್ನ ಹುಟ್ಟೂರು. ನಾನು ಚಿಕ್ಕವನಾಗಿದ್ದಾಗ ನಮ್ಮ ಓಣಿಯಲ್ಲಿ ಮುದುಕಿಯೊಬ್ಬಳಿದ್ದಳು. ಊರ ಮಕ್ಕಳೆಲ್ಲ ಅವಳನ್ನು ‘ಕಥೀ ಆಯಿ’ ಎಂದು ಕರೆಯುತ್ತಿದ್ದರು. ರಾತ್ರಿಯ ಊಟ ಮುಗಿದ ಮೇಲೆ ಅವಳ ಮನೆಯ ಕಟ್ಟೆಯ ಮೇಲೆ ನಾವು ಸೇರುವುದು ವಾಡಿಕೆ. ಅವಳ ಕಥೆಗಳಲ್ಲಿ ರಾಜಕುಮಾರರಿಗಿಂತ ಕಳ್ಳರು ಹೆಚ್ಚು. ಕಣದಲ್ಲಿದ್ದ ಭತ್ತದ ರಾಶಿಯನ್ನು ಹೊತ್ತವನು ಯಾರು, ಮದುವೆಯ ಮನೆಯಲ್ಲಿ ಸರ ಕಾಣೆಯಾದದ್ದು ಹೇಗೆ, ಕೆಸರಿನಲ್ಲಿ ಮೂಡಿದ್ದ ಒಂದು ಹೆಜ್ಜೆಯಿಂದ ತಳವಾರನು ಏನೇನು ತಿಳಿದುಕೊಂಡ, ಇಂಥವೇ ಅವಳ ವಸ್ತು. ಒಂದು ದಿನ ನಾನು ಧೈರ್ಯಮಾಡಿ, “ಆಯಿ, ಈ ಕಥಿ ಎಲ್ಲಾ ನೀನ ಕಟ್ಟೀಯೇನು?” ಎಂದು ಕೇಳಿದೆ. ಅವಳು ಗಾಬರಿಯಾದವಳಂತೆ, “ಅಯ್ಯ, ನಾ ಎಲ್ಲಿ ಕಟ್ಟಲೋ ತಮ್ಮಾ! ಯಾರೋ ದಾರಿಹೋಕರು ಹೇಳಿ ಹೋಗಿದ್ರು” ಎಂದಳು. ಆ ದಾರಿಹೋಕರು ಯಾರೆಂದು ಮತ್ತೆ ಕೇಳುವ ಬುದ್ಧಿ ಆಗ ನನಗಿರಲಿಲ್ಲ.

ಅನೇಕ ವರ್ಷಗಳ ತರುವಾಯ ಕಾಲೇಜಿನ ಪಾಠಕ್ಕೋಸ್ಕರ ಇಂಗ್ಲಿಷಿನ ಪತ್ತೇದಾರಿ ಸಾಹಿತ್ಯದ ಚರಿತ್ರೆಯನ್ನು ನೋಡುತ್ತಿದ್ದಾಗ ಆ ಮುದುಕಿಯ ಮಾತು ನನ್ನ ನೆನಪಿಗೆ ಬಂತು. ಅಲ್ಲಿ ನನಗೆ ಸಿಕ್ಕಿದ್ದು ಇನ್ನೊಬ್ಬ ಕಥೆಗಾರ್ತಿ. ಆಕೆಯೂ ತನ್ನ ಕಥೆಗಳನ್ನು ತನ್ನವೆಂದು ಹೇಳಿಕೊಳ್ಳಲಿಲ್ಲ. ಒಬ್ಬ ಕಲ್ಪಿತ ಪುರುಷನ ಬಾಯಿಂದ ಹೇಳಿಸಿದಳು. ಹೀಗೆ ಹೇಳಿಸಿದ್ದು ಒಂದೆರಡು ವರ್ಷವಲ್ಲ, ನಾಲ್ವತ್ತು ವರ್ಷ. ಒಂದೆರಡು ಕಥೆಯಲ್ಲ, ಐನೂರಕ್ಕೂ ಮೀರಿದ ಕಥೆ. ಆಕೆಯ ಹೆಸರು ಮೇರಿ ಹೆಲೆನಾ ಫಾರ್ಚ್ಯೂನ್. ಆದರೆ ಆಕೆಯ ಕಾಲದ ಓದುಗರಿಗೆ ಈ ಹೆಸರು ತಿಳಿದಿರಲಿಲ್ಲ. ಕಥೆಯ ಕೆಳಗೆ ಅವರು ಕಂಡದ್ದು ಡಬ್ಲ್ಯು. ಡಬ್ಲ್ಯು. ಎಂಬ ಎರಡು ಅಕ್ಷರಗಳನ್ನು ಮಾತ್ರ.

ಪತ್ತೇದಾರಿ ಕಥೆಯೆಂದೊಡನೆ ನಮ್ಮ ಮನಸ್ಸು ಲಂಡನ್ನಿನ ಬೇಕರ್ ಬೀದಿಗೆ ಓಡುತ್ತದೆ. ಆದರೆ ಷೆರ್ಲಾಕ್ ಹೋಮ್ಸನು ಮೊದಲು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ೧೮೮೭ರಲ್ಲಿ. ಅದಕ್ಕೆ ಬಹು ಹಿಂದೆ, ೧೮೪೧ರಲ್ಲಿ, ಅಮೆರಿಕದ ಎಡ್ಗರ್ ಆಲನ್ ಪೋ ಈ ಜಾತಿಯ ಕಥೆಗೆ ಅಡಿಗಲ್ಲನ್ನಿಟ್ಟಿದ್ದ. ಈ ಎರಡು ವರ್ಷಗಳ ನಡುವಣ ಕಾಲವನ್ನು ನಮ್ಮ ಪಠ್ಯಪುಸ್ತಕಗಳು ಒಂದೇ ನೆಗೆತದಲ್ಲಿ ದಾಟಿಬಿಡುತ್ತವೆ. ಸ್ತ್ರೀಯರ ಮಾತು ಬಂದರೆ ೧೮೭೮ರಲ್ಲಿ ‘ಲೆವನ್‌ವರ್ತ್ ಕೇಸ್’ ಬರೆದ ಅಮೆರಿಕದ ಆನಾ ಕ್ಯಾಥರೀನ್ ಗ್ರೀನಳನ್ನು ಸ್ಮರಿಸಿ ಮುಂದುವರಿಯುತ್ತವೆ. ಆದರೆ ೧೮೬೬ನೆಯ ಜನವರಿ ೨೦ರಂದೇ ಮೆಲ್ಬರ್ನಿನ ‘ಆಸ್ಟ್ರೇಲಿಯನ್ ಜರ್ನಲ್’ ಎಂಬ ಪತ್ರಿಕೆಯಲ್ಲಿ ‘ದಿ ಡೆಡ್ ವಿಟ್ನೆಸ್’, ಎಂದರೆ ‘ಸತ್ತ ಸಾಕ್ಷಿ’, ಎಂಬ ಕಥೆ ಅಚ್ಚಾಗಿತ್ತು. ಹೆಂಗಸೊಬ್ಬಳು ಬರೆದ ಪತ್ತೇದಾರಿ ಕಥೆಗಳಲ್ಲಿ ಇದು ಅತ್ಯಂತ ಹಳೆಯವುಗಳಲ್ಲಿ ಒಂದೆಂದು ವಿದ್ವಾಂಸರು ಈಗ ಒಪ್ಪುತ್ತಾರೆ. ಅದರ ಕೆಳಗಿದ್ದದ್ದು ಆ ಎರಡು ಅಕ್ಷರಗಳೇ.

ಇಷ್ಟು ಬರೆದವಳು ಯಾಕೆ ಅಡಗಿದ್ದಳು? ಸಂಕೋಚವೆಂದು ಹೇಳಿ ಸುಮ್ಮನಾಗುವುದು ಸುಲಭ. ಆಕೆಯ ಬಾಳನ್ನು ನೋಡಿದರೆ ಸಂಕೋಚಕ್ಕಿಂತ ಬಲವಾದ ಕಾರಣಗಳು ಒಂದರ ಮೇಲೊಂದು ಬರುತ್ತವೆ.

ಮೇರಿ ವಿಲ್ಸನ್ ಹುಟ್ಟಿದ್ದು ೧೮೩೩ರ ಸುಮಾರಿನಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ತಂದೆ ಜಾರ್ಜ್ ವಿಲ್ಸನ್ ಇಂಜಿನಿಯರು. ಎಳೆವಯಸ್ಸಿನಲ್ಲೇ ಅವಳನ್ನು ಕೆನಡಾಕ್ಕೆ ಕರೆದೊಯ್ದರು. ೧೮೫೧ರಲ್ಲಿ ಜೋಸೆಫ್ ಫಾರ್ಚ್ಯೂನ್ ಎಂಬ ಮೋಜಣಿದಾರನೊಡನೆ ಅವಳ ಮದುವೆಯಾಯಿತು. ಮರುವರ್ಷ ಒಂದು ಗಂಡುಮಗು. ಅದೇ ೧೮೫೧ರಲ್ಲಿ ಭೂಗೋಳದ ಇನ್ನೊಂದು ತುದಿಯಲ್ಲಿ, ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ, ಚಿನ್ನ ಸಿಕ್ಕಿದ ಸುದ್ದಿ ಹಬ್ಬಿತು. ಮಗಳನ್ನು ಬಿಟ್ಟು ತಂದೆ ಅಲ್ಲಿಗೆ ಹೋದ. ೧೮೫೫ರಲ್ಲಿ ಮಗಳೂ ಮೂರು ವರ್ಷದ ಕೂಸನ್ನು ಕಟ್ಟಿಕೊಂಡು ಹಡಗೇರಿ ತಂದೆಯನ್ನು ಹುಡುಕಿ ಹೊರಟಳು. ಗಂಡ ಜೊತೆಗೆ ಬರಲಿಲ್ಲ.

ಆ ಚಿನ್ನದ ನೆಲ ಎಂಥದೆಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕೋಲಾರದಲ್ಲಿ ೧೮೮೦ರ ತರುವಾಯ ನಡೆದ ಕೆಲಸ ಕಂಪನಿಗಳದು. ಆಳವಾದ ಸುರಂಗ, ದೊಡ್ಡ ಯಂತ್ರ, ಹಾಜರಿ ಪುಸ್ತಕದಲ್ಲಿ ಬರೆದ ಕೂಲಿಗಳ ಹೆಸರು. ವಿಕ್ಟೋರಿಯದಲ್ಲಿ ಮೊದಮೊದಲು ಹಾಗಲ್ಲ. ಒಬ್ಬ ಮನುಷ್ಯ, ಒಂದು ಗುದ್ದಲಿ, ಹೊಳೆಯ ಮಣ್ಣನ್ನು ತೊಳೆಯಲು ಒಂದು ತಟ್ಟೆ. ಇಷ್ಟಿದ್ದರೆ ಅವನೇ ಯಜಮಾನ. ೧೮೫೧ರಲ್ಲಿ ಸುಮಾರು ೭೭ ಸಾವಿರ ಜನರಿದ್ದ ಪ್ರಾಂತದಲ್ಲಿ ೧೮೬೧ರ ವೇಳೆಗೆ ೫ ಲಕ್ಷ ೪೦ ಸಾವಿರ ಜನರಿದ್ದರು. ಯಾರಿಗೆ ಯಾರೂ ಪರಿಚಿತರಲ್ಲ. ಪಕ್ಕದ ಡೇರೆಯವನು ನಿನ್ನೆ ಯಾವ ಊರಿನಲ್ಲಿದ್ದ, ಅಲ್ಲಿ ಅವನ ಹೆಸರೇನಿತ್ತು, ಅಲ್ಲಿ ಬಿಟ್ಟು ಬಂದ ಹೆಂಡತಿ ಎಷ್ಟು ಮಂದಿ ಎಂದು ಕೇಳುವವರಿಲ್ಲ.

ಇದರೊಡನೆ ಅದೇ ಕಾಲದ ನಮ್ಮ ಸೀಮೆಯನ್ನು ಹೋಲಿಸಿ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಧಾರವಾಡ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ೧೮೬೭ರಲ್ಲಿ ಆ ಇಲಾಖೆಗೆ ಗ್ರಾಮ ಪೊಲೀಸು ಕಾಯಿದೆ ಬಂತು. ಊರೊಳಗಿನ ಕಳವು ಕೊಲೆಗಳ ಮೊದಲ ಹೊಣೆ ಪೊಲೀಸ್ ಪಾಟೀಲನದು. ಅವನ ಕೈಕೆಳಗೆ ತಳವಾರ, ವಾಲೀಕಾರರು. ತಂಬೂರದಂಥ ಊರಿನಲ್ಲಿ ತಳವಾರನಿಗೆ ಒಬ್ಬೊಬ್ಬರ ನಡಿಗೆಯೂ ಗೊತ್ತು, ಎತ್ತಿನ ಗೊರಸಿನ ಗುರುತೂ ಗೊತ್ತು. ಕಳ್ಳ ಯಾರೆಂಬುದು ಅನೇಕ ವೇಳೆ ಬೆಳಗಾಗುವುದರೊಳಗೆ ಊರಿಗೆಲ್ಲ ತಿಳಿದಿರುತ್ತದೆ. ಕಷ್ಟವಿರುವುದು ಬಾಯಿಬಿಟ್ಟು ಹೇಳುವುದರಲ್ಲಿ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿಗೆ ಪತ್ತೇದಾರನು ಬೇಕಾಗಿಲ್ಲ. ಯಾರೂ ಯಾರನ್ನೂ ಅರಿಯದ ಕಡೆಯಲ್ಲಿ ಮಾತ್ರ, ಹೆಸರಿನ ಹಿಂದಿರುವ ಹೆಸರನ್ನು ಹುಡುಕುವ ಆ ಹೊಸ ಬಗೆಯ ಮನುಷ್ಯನಿಗೆ ಕೆಲಸ. ಕಲ್ಕತ್ತೆಯಂಥ ಮಹಾನಗರ ಬೆಳೆದ ಮೇಲೆ ಅಲ್ಲಿಯ ಪೊಲೀಸು ಅಧಿಕಾರಿ ಪ್ರಿಯನಾಥ ಮುಖೋಪಾಧ್ಯಾಯರು ೧೮೯೨ರಿಂದ ‘ದಾರೋಗಾರ್ ದಪ್ತರ್’ ಎಂಬ ಮಾಸಿಕ ಮಾಲೆಯಲ್ಲಿ ತಮ್ಮ ಮೊಕದ್ದಮೆಗಳ ಕಥೆಗಳನ್ನು ಬಂಗಾಳಿಯಲ್ಲಿ ಬರೆದದ್ದೂ ಇಂಥ ಕಾರಣದಿಂದಲೇ ಇರಬೇಕೆಂದು ನನ್ನ ಊಹೆ. ಮೆಲ್ಬರ್ನ್ ಆ ಸ್ಥಿತಿಗೆ ನಾಲ್ವತ್ತು ವರ್ಷ ಮೊದಲೇ ಬಂದಿತ್ತು.

ಮೇರಿಗೆ ಆ ನೆಲದಲ್ಲಿ ಮೊದಲ ಪಾಠವಾದದ್ದು ಒಂದು ಪತ್ರಿಕೆಯ ಕಚೇರಿಯಿಂದ. ತಂದೆ ಚಿನ್ನದ ಬಯಲಿನಲ್ಲಿ ಅಂಗಡಿಯಿಟ್ಟಿದ್ದ. ಅಲ್ಲಿಂದ ಆಕೆ ‘ಮೌಂಟ್ ಅಲೆಕ್ಸಾಂಡರ್ ಮೇಲ್’ ಎಂಬ ಪತ್ರಿಕೆಗೆ ಕವಿತೆಗಳನ್ನೂ ಲೇಖನಗಳನ್ನೂ ಕಳುಹಿಸುತ್ತಿದ್ದಳು. ಕೆಳಗೆ ಹೆಸರಿನ ಮೊದಲಕ್ಷರಗಳು ಮಾತ್ರ. ಬರವಣಿಗೆ ಸಂಪಾದಕರಿಗೆ ಹಿಡಿಸಿತು. ಉಪಸಂಪಾದಕನ ಕೆಲಸ ಕೊಡುವುದಾಗಿ ಹೇಳಿಕಳುಹಿಸಿದರು. ಬರೆದವರು ಹೆಂಗಸೆಂದು ತಿಳಿದೊಡನೆ ಆ ಮಾತು ನಿಂತುಹೋಯಿತು. ಈ ಪ್ರಸಂಗವನ್ನು ಆಕೆ ಬಹಳ ಕಾಲದ ಮೇಲೆ ತನ್ನ ನೆನಪುಗಳಲ್ಲಿ ನಗುನಗುತ್ತಲೇ ಬರೆದಿದ್ದಾಳೆ. ಆದರೆ ಬರವಣಿಗೆಯಿಂದ ಅನ್ನ ಗಳಿಸಬೇಕೆಂದಿರುವವಳು ಇಂಥದನ್ನು ಮರೆಯುವುದುಂಟೆ? ಅಕ್ಷರಗಳಿಗೆ ಸಿಕ್ಕಿದ ಕೆಲಸ ಹೆಸರಿಗೆ ಸಿಕ್ಕಲಿಲ್ಲ.

ಮುಂದಿನದು ದುಃಖದ ಕಥೆ. ೧೮೫೬ರಲ್ಲಿ ಆಕೆಗೆ ಎರಡನೆಯ ಗಂಡುಮಗು ಹುಟ್ಟಿತು. ಗಂಡ ಕೆನಡಾದಲ್ಲಿ, ಮಗು ವಿಕ್ಟೋರಿಯದಲ್ಲಿ. ಆದರೂ ದಾಖಲೆಯಲ್ಲಿ ತಂದೆಯ ಹೆಸರು ಜೋಸೆಫ್ ಫಾರ್ಚ್ಯೂನ್ ಎಂದೇ ಇದೆ. ೧೮೫೮ರ ಆರಂಭದಲ್ಲಿ, ಹಡಗಿನಲ್ಲಿ ಕರೆತಂದಿದ್ದ ಮೊದಲ ಮಗ ಮಿದುಳುಜ್ವರದಿಂದ ತೀರಿಕೊಂಡ. ಅದೇ ವರ್ಷದ ಅಕ್ಟೋಬರಿನಲ್ಲಿ ಡನಾಲಿ ಎಂಬ ಊರಿನಲ್ಲಿ ಆಕೆ ಪರ್ಸಿ ರೋಲೊ ಬ್ರೆಟ್ ಎಂಬ ಸವಾರ ಪೊಲೀಸಿನವನನ್ನು ಮದುವೆಯಾದಳು. ವಿವಾಹದ ದಫ್ತರಿನಲ್ಲಿ ತಾನು ವಿಧವೆಯೆಂದು ಬರೆಸಿದಳು. ಆದರೆ ಕೆನಡಾದಲ್ಲಿ ಜೋಸೆಫ್ ಫಾರ್ಚ್ಯೂನನು ಸತ್ತದ್ದು ೧೮೬೧ರಲ್ಲಿ. ಗಂಡನು ಬದುಕಿರುವಾಗಲೇ ಇನ್ನೊಂದು ಮದುವೆಯಾಗುವುದು ಇಂಗ್ಲಿಷ್ ಕಾನೂನಿನಲ್ಲಿ ಅಪರಾಧ. ಮುಂದೆ ಪತ್ತೇದಾರಿ ಕಥೆ ಬರೆಯಲಿದ್ದವಳು ಹೀಗೆ ಒಬ್ಬ ಪೊಲೀಸಿನವನ ಕೈ ಹಿಡಿಯುವಾಗಲೇ ಕಾನೂನಿನ ದೃಷ್ಟಿಯಲ್ಲಿ ತಪ್ಪಿತಸ್ಥಳಾದಳು! ಆ ಸಂಸಾರವೂ ಬಹಳ ದಿನ ನಿಲ್ಲಲಿಲ್ಲ. ಬ್ರೆಟ್ ನ್ಯೂ ಸೌತ್ ವೇಲ್ಸಿಗೆ ಹೊರಟುಹೋದ. ೧೮೬೬ರಲ್ಲಿ ಅಲ್ಲಿ ಇನ್ನೊಬ್ಬಳನ್ನು ಮದುವೆಯಾದ. ತಾನೂ ಎರಡು ಮದುವೆ ಮಾಡಿಕೊಂಡ ಮೇಲೆ ಹಿಂದಿನ ಹೆಂಡತಿಯ ಮೇಲೆ ದೂರು ಕೊಡುವ ಬಾಯಿ ಅವನಿಗೆ ಉಳಿಯಲಿಲ್ಲ.

ಆದರೆ ಅವನು ಒಂದನ್ನು ಬಿಟ್ಟುಹೋದ. ಪೊಲೀಸು ಠಾಣೆಯ ಒಳಗಿನ ಬದುಕನ್ನು ಮೇರಿ ಹತ್ತಿರದಿಂದ ಕಂಡಿದ್ದಳು. ಕುದುರೆಯ ಮೇಲೆ ದಿನವೆಲ್ಲ ಅಲೆದು ಬರುವ ಸವಾರರು, ಅವರ ಮಾತಿನ ಧಾಟಿ, ವರದಿ ಬರೆಯುವ ಬಗೆ, ವಾರಂಟು ತರುವುದರೊಳಗೆ ಕೈತಪ್ಪಿ ಹೋಗುವ ಕಳ್ಳ, ಇವೆಲ್ಲ ಪುಸ್ತಕ ಓದಿ ಕಲಿಯುವ ಸಂಗತಿಗಳಲ್ಲ. ೧೮೬೫ರ ಸೆಪ್ಟೆಂಬರಿನಲ್ಲಿ ‘ಆಸ್ಟ್ರೇಲಿಯನ್ ಜರ್ನಲ್’ ಹೊರಟಾಗ ಆಕೆ ಬರೆಯಲು ಸಿದ್ಧಳಾಗಿದ್ದಳು. ಅದು ಲಂಡನ್ನಿನ ಅಗ್ಗದ ಕಥಾಪತ್ರಿಕೆಗಳ ಮಾದರಿಯ ವಾರಪತ್ರಿಕೆ, ಮುಂದೆ ಮಾಸಪತ್ರಿಕೆಯಾಯಿತು. ಮಾರ್ಕಸ್ ಕ್ಲಾರ್ಕನ ಪ್ರಸಿದ್ಧ ಕಾದಂಬರಿ ‘ಹಿಸ್ ನ್ಯಾಚುರಲ್ ಲೈಫ್’ ಧಾರಾವಾಹಿಯಾಗಿ ಬಂದದ್ದು ೧೮೭೦ರಿಂದ ೧೮೭೨ರವರೆಗೆ ಇದೇ ಪತ್ರಿಕೆಯಲ್ಲಿ. ಕ್ಲಾರ್ಕನ ಹೆಸರು ಆ ದೇಶದ ಶಾಲಾಮಕ್ಕಳಿಗೂ ಗೊತ್ತು. ಅವನ ಪಕ್ಕದ ಪುಟಗಳನ್ನು ತುಂಬಿಸುತ್ತಿದ್ದವಳದು ಅಷ್ಟು ಕಾಲ ಯಾರಿಗೂ ತಿಳಿಯಲಿಲ್ಲ.

‘ಸತ್ತ ಸಾಕ್ಷಿ’ಯ ಕಥೆ ಹೀಗೆ. ಒಬ್ಬ ತರುಣ ಛಾಯಾಚಿತ್ರಕಾರ ಕಾಡಿನ ದೃಶ್ಯಗಳನ್ನು ತೆಗೆಯಲು ಹೋಗಿ ಕಾಣೆಯಾಗುತ್ತಾನೆ. ಪತ್ತೇದಾರ ಬ್ರೂಕನು ಅವನ ಜಾಡು ಹಿಡಿದು ಹೊರಡುತ್ತಾನೆ. ಕಾಡಿನ ನಡುವೆ ಒಂದು ಮಡು. ಕಡೆಯಲ್ಲಿ ಆ ಮಡುವಿನ ನೀರೇ ಹೆಣವನ್ನು ಮೇಲಕ್ಕೆತ್ತಿ ಕೊಲೆಗಾರನ ಮುಂದೆ ಹಿಡಿಯುತ್ತದೆ. ಹೆಣವು ತಾನಾಗಿ ತೇಲಿ ಬರುವುದು ಸ್ವಲ್ಪ ಅತಿಯಾಯಿತೆಂದು ಇಂದಿನ ಓದುಗನು ಹೇಳಿಯಾನು, ನಾನೂ ಅಲ್ಲಗಳೆಯಲಾರೆ. ಆದರೆ ಆ ಕಾಡಿನ ವರ್ಣನೆ ಪರದೇಶದ ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ಆ ಬಿಸಿಲು, ಆ ನಿಶ್ಶಬ್ದ, ನಾಲ್ಕು ಮೈಲಿಗೆ ಒಂದು ಕುರುಬನ ಗುಡಿಸಲು, ಎಲ್ಲವೂ ಕಣ್ಣಾರೆ ಕಂಡವಳ ಬರವಣಿಗೆ. ಕ್ಯಾಮೆರಾ ಆಗ ಹೊಸದು. ಅದನ್ನು ಅಪರಾಧದ ಕಥೆಯೊಳಕ್ಕೆ ತಂದದ್ದರಲ್ಲಿ ಆಕೆಯ ಚುರುಕು ಕಾಣುತ್ತದೆ.

ಗುಪ್ತನಾಮವಿದ್ದವನ ಸೊತ್ತನ್ನು ಕದಿಯುವುದು ಸುಲಭ. ಇದೂ ಆಕೆಗೆ ಬೇಗನೆ ಅನುಭವಕ್ಕೆ ಬಂತು. ಅದೇ ಪತ್ರಿಕೆಗೆ ಜೇಮ್ಸ್ ಸ್ಕಿಪ್ ಬೊರ್ಲೇಸ್ ಎಂಬುವನು ಬರೆಯುತ್ತಿದ್ದ. ಆಸ್ಟ್ರೇಲಿಯದ ಪೊಲೀಸು ಕಥೆಗಳ ಮೊದಲ ಸಾಲಿನಲ್ಲಿ ಇಬ್ಬರ ಕೈಯೂ ಇತ್ತು. ಕೃತಿಚೌರ್ಯದ ಆರೋಪದ ಮೇಲೆ ಪತ್ರಿಕೆ ಅವನನ್ನು ಬಿಟ್ಟಿತು. ಅವನು ೧೮೬೭ರಲ್ಲಿ ಲಂಡನ್ನಿನಲ್ಲಿ ‘ದಿ ನೈಟ್ ಫಾಸಿಕರ್ಸ್’ ಎಂಬ ಸಂಗ್ರಹವನ್ನು ತನ್ನ ಹೆಸರಿನಲ್ಲಿ ಹೊರತಂದ. ಅದರಲ್ಲಿ ಮೇರಿಯ ಬರಹವೂ ಸೇರಿಹೋಗಿದೆಯೆಂದು ಸಂಶೋಧಕರು ತೋರಿಸಿದ್ದಾರೆ. ತನ್ನ ಕಥೆ ಕಳುವಾಯಿತೆಂದು ದೂರು ಕೊಡಬೇಕಾದರೆ ‘ಅದು ನನ್ನದು’ ಎಂದು ಮುಂದೆ ಬರಬೇಕು. ಮುಂದೆ ಬಂದರೆ ‘ನೀನು ಯಾರು?’ ಎಂಬ ಪ್ರಶ್ನೆ ಏಳುತ್ತದೆ. ಫಾರ್ಚ್ಯೂನನ ಹೆಂಡತಿಯೋ, ಬ್ರೆಟ್ಟನ ಹೆಂಡತಿಯೋ?

೧೮೬೮ರಲ್ಲಿ ‘ದಿ ಡಿಟೆಕ್ಟಿವ್ಸ್ ಆಲ್ಬಮ್’ ಎಂಬ ಮಾಲೆ ಮೊದಲಾಯಿತು. ಮಾರ್ಕ್ ಸಿಂಕ್ಲೇರ್ ಎಂಬ ಪೊಲೀಸು ಪತ್ತೇದಾರನ ಬಳಿ ಅಪರಾಧಿಗಳ ಭಾವಚಿತ್ರಗಳ ಒಂದು ಪುಸ್ತಕವಿದೆ. ಅವನು ಹಾಳೆ ತಿರುವುತ್ತಾನೆ, ಪ್ರತಿಯೊಂದು ಚಿತ್ರದ ಹಿಂದಿನ ಕಥೆಯನ್ನು ಹೇಳುತ್ತಾನೆ. ಇದಿಷ್ಟೇ ಅದರ ಚೌಕಟ್ಟು. ಸರಳವಾದ ಚೌಕಟ್ಟಾದ್ದರಿಂದಲೇ ಅದು ೧೯೦೮ರವರೆಗೆ ಬಾಳಿತು. ಹೋಮ್ಸನು ಹುಟ್ಟಿ, ಜಲಪಾತದಲ್ಲಿ ಬಿದ್ದು, ಮತ್ತೆ ಎದ್ದು ಬಂದದ್ದೆಲ್ಲ ಈ ಮಾಲೆ ನಡೆಯುತ್ತಿದ್ದ ಅವಧಿಯೊಳಗೇ. ಮೆಲ್ಬರ್ನಿನಲ್ಲೇ ಫರ್ಗಸ್ ಹ್ಯೂಮನು ೧೮೮೬ರಲ್ಲಿ ‘ಹ್ಯಾನ್ಸಮ್ ಕ್ಯಾಬ್’ ಬರೆದು ಜಗತ್ಪ್ರಸಿದ್ಧನಾದಾಗ, ಮೇರಿ ಅದೇ ನಗರದಲ್ಲಿ ತಿಂಗಳು ತಿಂಗಳೂ ಬರೆಯುತ್ತ ಹದಿನೆಂಟು ವರ್ಷ ಕಳೆದಿದ್ದಳು. ಆಕೆಯ ಕಥೆಗಳ ಒಂದು ಸಂಗ್ರಹ ೧೮೭೧ರಲ್ಲಿ ಪುಸ್ತಕವಾಗಿ ಬಂದಿತ್ತು. ಆ ದೇಶದಲ್ಲಿ ಪ್ರಕಟವಾದ ಮೊದಲ ಪತ್ತೇದಾರಿ ಕಥಾಸಂಗ್ರಹವೆಂದು ಅದನ್ನು ಎಣಿಸುತ್ತಾರೆ. ಉಳಿದುದೆಲ್ಲ ಪತ್ರಿಕೆಯ ಹಾಳೆಗಳಲ್ಲೇ ಉಳಿಯಿತು.

ಈ ಕಥೆಗಳೆಲ್ಲ ಒಂದೇ ತೂಕದವಲ್ಲ. ತಿಂಗಳಿಗೊಂದು ಕಥೆ ಕೊಟ್ಟೇ ತೀರಬೇಕೆಂದರೆ ನೂಲು ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಕಾಕತಾಳೀಯ ಹೆಚ್ಚು, ಕಳೆದುಹೋದ ಮಕ್ಕಳು ಸಕಾಲದಲ್ಲಿ ಸಿಕ್ಕಿಬಿಡುತ್ತಾರೆ. ಆದರೆ ಅವುಗಳಲ್ಲಿ ನನಗೆ ಗುರುತಿಸುವಂತೆ ತೋರುವ ಗುಣವೊಂದುಂಟು. ಸಿಂಕ್ಲೇರ್ ಗಂಡಸು, ಸರ್ಕಾರಿ ನೌಕರ, ಸ್ವಲ್ಪ ಜಂಬದವನು. ಆದರೆ ಅವನು ನೋಡುವ ವಸ್ತುಗಳು ಹೆಂಗಸಿನ ಕಣ್ಣಿಗೆ ಬೀಳುವಂಥವು. ಅಡಿಗೆಮನೆಯ ಸ್ಥಿತಿ, ಬಟ್ಟೆಗೆ ಹಾಕಿದ ತೇಪೆ, ಮನೆಗೆಲಸದ ಹುಡುಗಿಯ ಮೋರೆ, ಹೆಂಡತಿಯ ಮೌನ, ಇವು ಅವನಿಗೆ ಸಾಕ್ಷ್ಯ. ಯಾವ ಠಾಣೆಯಲ್ಲಿ ಅವನು ಇದನ್ನು ಕಲಿತನೆಂದು ಆ ಕಾಲದ ಓದುಗರು ಯಾರೂ ಕೇಳಿದಂತೆ ಕಾಣುವುದಿಲ್ಲ. ಲೇಖನಗಳಿಗೂ ಧಾರಾವಾಹಿಗಳಿಗೂ ಆಕೆ ‘ವೈಫ್ ವಾಂಡರ್’ ಎಂಬ ಹೆಸರನ್ನು ಬಳಸಿದಳು. ‘ವೈಫ್’ ಎಂದರೆ ಇಲ್ಲಿ ಹೆಂಡತಿಯಲ್ಲ, ದಿಕ್ಕಿಲ್ಲದ ಕೂಸು. ‘ವಾಂಡರ್’ ಎಂದರೆ ಅಲೆಯುವುದು. ಎರಡಕ್ಷರದ ಅಂಕಿತವು ಇದರದೇ ಸಂಕ್ಷೇಪ.

ಮೇರಿ ಅಲೆದದ್ದು ಬರಿಯ ಹೆಸರಿನಲ್ಲಲ್ಲ. ಬಾಡಿಗೆ ಕೊಠಡಿಯಿಂದ ಬಾಡಿಗೆ ಕೊಠಡಿಗೆ ಬದುಕು ಸಾಗಿತು. ಕುಡಿತ ಅಂಟಿಕೊಂಡಿತು. ೧೮೭೪ರ ಫೆಬ್ರವರಿಯ ವಿಕ್ಟೋರಿಯ ಪೊಲೀಸು ಗೆಜೆಟಿನಲ್ಲಿ ಒಂದು ಪ್ರಕಟಣೆಯಿದೆ. ಬಲಾತ್ಕಾರದ ಒಂದು ಮೊಕದ್ದಮೆಯಲ್ಲಿ ಸಾಕ್ಷಿ ಹೇಳಲು ಹಿಂಜರಿದಿರುವ ಮೇರಿ ಫಾರ್ಚ್ಯೂನ್ ಎಂಬಾಕೆ ಬೇಕಾಗಿದ್ದಾಳೆ ಎಂಬುದು ಅದರ ವಿಷಯ. ವಯಸ್ಸು ನಾಲ್ವತ್ತು, ಎತ್ತರದ ತೆಳು ಮೈಕಟ್ಟು, ಬಿಳಿಚಿದ ಬಣ್ಣ, ಕಪ್ಪು ಟೊಪ್ಪಿಗೆ, ಹಳೆಯ ಬೂಟು. ಕುಡಿತಕ್ಕಾಗಿ ಹಲವು ಸಲ ಬಂಧನಕ್ಕೊಳಗಾದವಳು. ಮೆಲ್ಬರ್ನಿನ ಪತ್ರಿಕೆಗಳಿಗೆ ಬರೆಯುವವಳು. ಆಕೆಯ ರೂಪವನ್ನು ನಮಗಾಗಿ ಚಿತ್ರಿಸಿಟ್ಟವರು ಆಕೆ ನಾಯಕರನ್ನಾಗಿ ಮಾಡಿದ್ದ ಆ ಪೊಲೀಸಿನವರೇ. ಸಿಂಕ್ಲೇರನ ಆಲ್ಬಮಿನ ಒಂದು ಹಾಳೆಯಲ್ಲಿ ಕಥೆಗಾರ್ತಿಯ ಮುಖವೇ ಇದ್ದಂತಾಯಿತು. ‘ಸತ್ತ ಸಾಕ್ಷಿ’ಯನ್ನು ಬರೆದಾಕೆ ಬದುಕಿದ್ದೂ ಸಾಕ್ಷಿ ಹೇಳಲಾರದೆ ಹೋದಳು. ಅದು ಹೇಡಿತನವೆಂದು ನಾನು ಹೇಳಲಾರೆ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ನಿಂತರೆ ಪಾಟೀಸವಾಲು ಮಾಡುವ ವಕೀಲನು ಮೊದಲು ಕೇಳುವುದು ಹೆಸರು, ಗಂಡನ ಹೆಸರು.

ಇದಕ್ಕಿಂತ ಕಠಿಣವಾದದ್ದು ಮಗನ ವಿಷಯ. ಆ ಎರಡನೆಯ ಮಗ, ಜಾರ್ಜ್ ಎಂದು ಕರೆಯಿಸಿಕೊಳ್ಳುತ್ತಿದ್ದವನು, ೧೮೭೧ರಲ್ಲಿ ಹದಿನೈದು ತುಂಬುವ ಮೊದಲೇ ಒಂದು ಟೊಪ್ಪಿಗೆಯ ಕಳವಿಗಾಗಿ ಸಿಕ್ಕಿಬಿದ್ದು ಸರ್ಕಾರದ ವಶಕ್ಕೆ ಹೋದ. ಹುಡುಗರನ್ನು ತಿದ್ದುವುದಕ್ಕೆಂದು ಮಾಡಿದ ಆ ವ್ಯವಸ್ಥೆಯಿಂದ ಅವನು ತಿದ್ದಿಕೊಂಡು ಬರಲಿಲ್ಲ. ಕಸಬು ಕಲಿತು ಬಂದ. ಮುಂದೆ ತಿಜೋರಿ ಒಡೆಯುವುದರಲ್ಲಿ ನಿಪುಣನಾಗಿ ಸೆರೆಮನೆಗಳನ್ನು ಕಂಡ. ಟಾಸ್ಮೇನಿಯದಲ್ಲಿ ದೀರ್ಘಶಿಕ್ಷೆಯನ್ನು ಅನುಭವಿಸಿದ. ತಾಯಿ ಪುಸ್ತಕ ಪ್ರಕಟಿಸಿದ ವರ್ಷವೂ ಮಗ ಮೊದಲು ಹಿಡಿಯಲ್ಪಟ್ಟ ವರ್ಷವೂ ಒಂದೇ. ಅಂದಿನಿಂದ ಮೂವತ್ತೇಳು ವರ್ಷ ಆಕೆ ಕಳ್ಳರನ್ನು ಹಿಡಿಯುವ ಕಥೆಗಳನ್ನು ಬರೆಯುತ್ತಲೇ ಇದ್ದಳು. ಬಾಡಿಗೆಗೂ ಊಟಕ್ಕೂ ಬೇರೆ ದಾರಿಯಿರಲಿಲ್ಲ. ಒಂದೊಂದು ಕಥೆಯ ಕೊನೆಯಲ್ಲೂ ಸಿಂಕ್ಲೇರನು ಅಪರಾಧಿಯ ಭುಜದ ಮೇಲೆ ಕೈಯಿಡುವಾಗ ಆ ತಾಯಿಯ ಮನಸ್ಸು ಯಾರ ಕಡೆಗಿತ್ತು? ಹಿಡಿಯುವವನನ್ನು ಸೃಷ್ಟಿಸಿದವಳು ಆಕೆ. ಹಿಡಿಸಿಕೊಂಡವನನ್ನು ಹೆತ್ತವಳೂ ಆಕೆ. ಆಕೆಯ ಕಥೆಗಳಲ್ಲಿ ಗಲ್ಲಿಗೇರುವವರ ತಾಯಂದಿರನ್ನು ಕಂಡಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮಡಿಸಿಟ್ಟದ್ದುಂಟು.

೧೮೮೨ರಲ್ಲಿ ಆಕೆ ಚಿನ್ನದ ಬಯಲಿನ ದಿನಗಳ ನೆನಪುಗಳನ್ನು ಬರೆಯತೊಡಗಿದಳು. ಡೇರೆ, ಕೆಸರು, ಅಂಗಡಿ, ಸುಂಕದವರ ಕಾಟ, ಎಲ್ಲವೂ ಸವಿಸ್ತಾರವಾಗಿದೆ. ತನ್ನ ಸಂಸಾರದ ವಿಷಯಕ್ಕೆ ಬಂದರೆ ಲೇಖನಿ ಜಿಪುಣವಾಗುತ್ತದೆ. ಯಾವುದನ್ನು ಹೇಳಬೇಕು, ಯಾವುದನ್ನು ಮುಚ್ಚಬೇಕು ಎಂಬುದು ಪತ್ತೇದಾರಿ ಕಥೆ ಬರೆಯುವವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಇಲ್ಲಿ ನಮ್ಮ ನಾಡಿನ ಮಾತು ಸಹಜವಾಗಿ ಬರುತ್ತದೆ. ಬಾಲ್ಯದಲ್ಲೇ ವೈಧವ್ಯವನ್ನು ಪಡೆದ ನಂಜನಗೂಡು ತಿರುಮಲಾಂಬ ಅವರು ೧೯೧೩ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ಪ್ರಾರಂಭಿಸಿ ತಮ್ಮ ಹೆಸರಿನಲ್ಲೇ ಕಾದಂಬರಿಗಳನ್ನು ಪ್ರಕಟಿಸಿದರು. ಅದಕ್ಕೆ ಎಂಥ ಧೈರ್ಯ ಬೇಕಾಗಿತ್ತೆಂಬುದನ್ನು ಅವರ ತರುವಾಯ ಬಂದವರನ್ನು ನೋಡಿದರೆ ತಿಳಿದೀತು. ಕೊಡಗಿನ ಗೌರಮ್ಮನವರು ೧೯೩೦ರ ದಶಕದಲ್ಲಿ ಕಥೆಗಳನ್ನು ಬರೆದಾಗ ಅವರು ಬಳಸಿದ್ದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂಬ, ಯಜಮಾನರ ಹೆಸರನ್ನೊಳಗೊಂಡ ಅಂಕಿತ. ಉಡುಪಿಯ ಸರಸ್ವತಿಬಾಯಿ ರಾಜವಾಡೆಯವರು ‘ಗಿರಿಬಾಲೆ’ಯಾದರು. ಇವರ ನಿಜನಾಮಗಳು ಗೊತ್ತಿದ್ದವರಿಗೆ ಗೊತ್ತಿದ್ದವು. ಓದುಗರೂ ಬೇಗನೆ ತಿಳಿದುಕೊಂಡರು. ಮೇರಿಗಿದ್ದ ಮರೆ ಬೇರೆ ತರಹದ್ದು. ಅದು ಸೆರಗಿನಂತಿರಲ್ಲ, ಗೋಡೆಯಂತಿತ್ತು. ನಮ್ಮ ಕಡೆಯ ಕೋರ್ಟಿನ ಕಾಗದಗಳಲ್ಲಿ ಕಳ್ಳನ ಹೆಸರಿನ ಮುಂದೆ ‘ಉರ್ಫ್’ ಎಂದು ಬರೆದು ಇನ್ನೊಂದು ಹೆಸರನ್ನು ಸೇರಿಸುವುದುಂಟು. ಲೇಖಕಿಗೂ ಅದೇ ‘ಉರ್ಫ್’ ಬೇಕಾಯಿತು.

ವಯಸ್ಸಾದಂತೆ ಆಕೆಯ ಕಣ್ಣು ಮಂದವಾಯಿತು. ನಾಲ್ವತ್ತು ವರ್ಷ ಬರೆಯಿಸಿಕೊಂಡ ಪತ್ರಿಕೆ ಆಕೆಗೆ ಸ್ವಲ್ಪ ವರ್ಷಾಶನವನ್ನು ಕೊಟ್ಟಿತು. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ೧೯೧೧ರಲ್ಲಿ ಆಕೆ ತೀರಿಕೊಂಡಳು. ಆಕೆಯನ್ನು ಹೂಳಿದ್ದು ಬೇರೊಬ್ಬರಿಗೆ ಸೇರಿದ ಸಮಾಧಿಯಲ್ಲಿ. ಅಲ್ಲಿಯೂ ಹೆಸರಿಲ್ಲ.

ಅನಂತರ ನಡೆದದ್ದು ನಿಜವಾದ ಪತ್ತೇದಾರಿ. ೧೯೫೦ರ ದಶಕದಲ್ಲಿ ಜೆ. ಕೆ. ಮೊಯರ್ ಎಂಬ ಮೆಲ್ಬರ್ನಿನ ಪುಸ್ತಕಸಂಗ್ರಾಹಕನ ಕೈಗೆ ಹಳೆಯ ಕಾಗದಗಳು ಬಂದವು. ಅವುಗಳಿಂದ ‘ವೈಫ್ ವಾಂಡರ್’ ಎಂಬುದು ಶ್ರೀಮತಿ ಫಾರ್ಚ್ಯೂನ್ ಎಂದು ಹೊರಬಿತ್ತು. ಯಾವ ಫಾರ್ಚ್ಯೂನ್? ಆ ಪ್ರಶ್ನೆಯನ್ನು ೧೯೮೦ರ ದಶಕದ ಕೊನೆಯಲ್ಲಿ ಲೂಸಿ ಸಸೆಕ್ಸ್ ಎಂಬ ಲೇಖಕಿ ಕೈಗೆತ್ತಿಕೊಂಡರು. ಜನನ ಮರಣಗಳ ದಫ್ತರು, ವಿವಾಹದ ದಾಖಲೆ, ಹಡಗಿನ ಯಾದಿ, ಪೊಲೀಸು ಗೆಜೆಟು, ಸೆರೆಮನೆಯ ಪುಸ್ತಕ, ಒಂದೊಂದನ್ನೂ ತಿರುವಿ ಕಥೆಯಲ್ಲಿ ಸಿಕ್ಕ ಸುಳಿವನ್ನು ದಾಖಲೆಯೊಡನೆ ಹೊಂದಿಸಿದರು. ೧೯೮೯ರಲ್ಲಿ ಮೇರಿಯ ಆಯ್ದ ಬರಹಗಳ ಸಂಪುಟ ಆಕೆಯ ನಿಜವಾದ ಹೆಸರಿನಲ್ಲಿ ಹೊರಬಂತು. ಮರಣದ ವರ್ಷವನ್ನು ಕಂಡುಹಿಡಿಯಲು ಇನ್ನೂ ಕಾಲು ಶತಮಾನಕ್ಕಿಂತ ಹೆಚ್ಚು ಬೇಕಾಯಿತು. ೨೦೨೫ರಲ್ಲಿ ಸಸೆಕ್ಸರೂ ಮೇಗನ್ ಬ್ರೌನರೂ ಸೇರಿ ತಾಯಿ ಮಗ ಇಬ್ಬರ ಜೀವನಚರಿತ್ರೆಯನ್ನೂ ಒಂದೇ ಪುಸ್ತಕವಾಗಿ ಬರೆದಿದ್ದಾರೆ. ಬದುಕಿದ್ದಾಗ ಆಕೆ ಮುಚ್ಚಿದ್ದ ಪ್ರತಿಯೊಂದು ಸಂಗತಿಯೂ ಈಗ ಬಯಲಾಗಿದೆ. ಇದನ್ನು ಆಕೆ ಬಯಸುತ್ತಿದ್ದಳೇ ಎಂದು ಕೆಲವೊಮ್ಮೆ ನನಗೆ ಸಂದೇಹವಾಗುತ್ತದೆ. ಆದರೆ ಹೆಸರು ತಿಳಿಯದೆ ಕಥೆಗಳಷ್ಟೇ ಉಳಿದಿದ್ದರೆ ಆ ಐನೂರು ಕಥೆಗಳನ್ನು ಹಳೆಯ ಸಂಚಿಕೆಗಳಿಂದ ಹೊರತೆಗೆಯಲು ಯಾರೂ ಶ್ರಮಪಡುತ್ತಿರಲಿಲ್ಲ.

ಈ ಭಾಷಣವನ್ನು ಬರೆಯುವ ಮೊದಲು ತಂಬೂರಕ್ಕೆ ಹೋಗಿದ್ದೆ. ಕಥೀ ಆಯಿಯ ಮನೆ ಬಿದ್ದುಹೋಗಿದೆ. ಕಟ್ಟೆಯ ನಾಲ್ಕು ಕಲ್ಲುಗಳಿವೆ. ಅವಳ ನಿಜವಾದ ಹೆಸರೇನಿತ್ತೆಂದು ಓಣಿಯ ಹಿರಿಯರನ್ನು ವಿಚಾರಿಸಿದೆ. ಇಬ್ಬರು ಎರಡು ಹೆಸರು ಹೇಳಿದರು, ಮೂರನೆಯವರು, “ಆಯಿ ಅಂತನ ಕರೀತಿದ್ವಿ, ಹೆಸರು ಯಾರು ಕೇಳ್ತಿದ್ರು?” ಎಂದರು. ಹೊಲದ ಉತಾರದಲ್ಲಿ ಅವಳ ಗಂಡನ ಹೆಸರಿದೆ, ಅದರ ಕೆಳಗೆ ಮಗನ ಹೆಸರಿದೆ. ಅವಳು ಹೇಳಿದ ಕಥೆಗಳಲ್ಲಿ ನನಗೆ ಈಗ ಪೂರ್ತಿಯಾಗಿ ನೆನಪಿರುವುದು ಮೂರು. ಅವನ್ನು ಬರೆದಿಟ್ಟಿದ್ದೇನೆ, ಮೇಲೆ ಯಾರ ಹೆಸರನ್ನು ಹಾಕಬೇಕೆಂಬುದು ಮಾತ್ರ ಇನ್ನೂ ಖಾಲಿಯಿದೆ.